ಗುಂಡಿ ಎಷ್ಟಿರಬೇಕು

ಕೌಲ್ ಬಜಾರಿನ ಶೆಡ್ಡಿನಲ್ಲಿ ಹದಿನಾಲ್ಕು ಹೊಲಿಗೆ ಮಿಷನ್ನು,
ಅವನ್ನು ರಿಪೇರಿ ಮಾಡುವವನು ನಾನು.
ಗೋಡೆಯ ಹಳೇ ಗಡಿಯಾರ ಜೀನ್ಸಿನ ನೀಲಿ ಧೂಳು ನುಂಗಿ
ಮೂರೂ ಇಪ್ಪತ್ತಕ್ಕೆ ನಿಂತಾಗ
ನಾನೇ ಒಂದು ಮಾಡಿಕೊಡ್ತೀನಿ ಅಂದೆ.
ಅಂದು ಕೆಟ್ಟೆ.

ಅಂಕಿಗಳೇನೋ ಸುಲಭ. ಕೆಂಪಗೆ ನಾಲ್ಕು.
ಏಳೇಳು ಕಡ್ಡಿ ಹತ್ತಿ, ಆರಿ
ಸೊನ್ನೆಯಿಂದ ಒಂಬತ್ತರ ತನಕ ವೇಷ ಹಾಕುತ್ತವೆ.
ಎಣಿಸುವ ಚಿಪ್ ಹೆಬ್ಬೆರಳ ಉಗುರಿನಷ್ಟು,
ಒಮ್ಮೆ ಹೇಳಿಕೊಟ್ಟರೆ ಮರೆಯದು
ಕರೆಂಟು ಹೋಗುವ ತನಕ.
ಇಲ್ಲಿ ಕರೆಂಟು ಹೋಗುತ್ತದೆ.
ಮರಳಿ ಬಂದಾಗ ನಾಲ್ಕೂ ಸೊನ್ನೆ ಮಿಟುಕಿಸುತ್ತ ಕೇಳುತ್ತವೆ:
ಈಗ ಎಷ್ಟು?
ಯಾರಾದರೂ ಹೇಳಬೇಕು.
ಹೇಗೆ ಹೇಳಬೇಕು ಅನ್ನುವುದರಲ್ಲೇ ಮೂರು ವಾರ ಹೋಯಿತು.

ಮೊದಲು ಒಂದೇ ಗುಂಡಿ ಇಟ್ಟೆ.
ಮುಟ್ಟಿ ಬಿಟ್ಟರೆ ನಿಮಿಷ, ಒತ್ತಿ ಹಿಡಿದರೆ ಗಂಟೆ,
ಎರಡು ಸಲ ತಟ್ಟಿದರೆ ಮುಗಿಯಿತು.
ನನ್ನ ಬೆನ್ನು ನಾನೇ ತಟ್ಟಿಕೊಂಡೆ.
ಹೊನ್ನೂರಬಿ ಚಾಚಿ ಒತ್ತಿದಳು, ಹಿಡಿದಳು, ಗಾಬರಿಯಾಗಿ ಬಿಟ್ಟಳು.
ಹನ್ನೊಂದಿದ್ದದ್ದು ಎರಡಾಯಿತು, ಏಳಾಯಿತು.
"ಇದು ಗಡಿಯಾರಲ್ಲಪ್ಪಾ, ನಮ್ ಮನಿಯವನ ಮಾತು.
ಮೆತ್ತಗ ಕೇಳಿದ್ರ ಒಂದು, ಗಟ್ಟಿಯಾಗಿ ಕೇಳಿದ್ರ ಇನ್ನೊಂದು."

ಆಮೇಲೆ ನಾಲ್ಕು. ಏರಿಸಲು, ಇಳಿಸಲು.
ಪಂಪಣ್ಣನ ಬೆರಳು ರಿವೆಟ್ ಬಡಿದು ಬಡಿದು ದಪ್ಪ,
ಒಂದರ ಮೇಲಿಟ್ಟರೆ ಎರಡು ಒತ್ತಿಕೊಳ್ಳುತ್ತವೆ.
ಗಂಟೆ ಏರಿತು, ಇಳಿಯಿತು, ಇದ್ದಲ್ಲೇ ಇತ್ತು.

ಮತ್ತೆ ಎರಡು. ಮುಂದಕ್ಕೆ ಮಾತ್ರ.
ಒಂದೇ ಒಂದು ನಿಮಿಷ ದಾಟಿತೋ,
ಇನ್ನೂ ಐವತ್ತೊಂಬತ್ತು ಸಲ ಒತ್ತು,
ಪಕ್ಕದ ಮನೆಗೆ ಹೋಗಲು
ಕೋಟೆ ಗುಡ್ಡ ಸುತ್ತಿ ಬಂದ ಹಾಗೆ.

ಇನ್ನೊಂದು ಗೊತ್ತಾಯಿತು ಆಗ:
ಒಮ್ಮೆ ಒತ್ತಿದ್ದು ಗುಂಡಿಯೊಳಗೆ ಏಳೆಂಟು ಸಲ ನಡುಗುತ್ತದೆ,
ಚಿಪ್ ಪ್ರತಿ ನಡುಕವನ್ನೂ ನಂಬುತ್ತದೆ.
ಸ್ವಲ್ಪ ತಾಳು, ನಡುಕ ನಿಲ್ಲಲಿ,
ಆಮೇಲೆ ಎಣಿಸು ಅಂತ ಕಲಿಸಿದೆ.
ಇದನ್ನು ನನಗೂ ಯಾರಾದರೂ ಕಲಿಸಬಹುದಿತ್ತು.

ಕೊನೆಗೆ ಕೈಗೆ ಸಿಕ್ಕಿದ್ದು ಡಬ್ಬಿಯಲ್ಲಿದ್ದ ಪ್ಯಾಂಟಿನ ಹಿತ್ತಾಳೆ ಗುಂಡಿ.
ಚುಕ್ಕಿ ಕೆತ್ತಿದ್ದು ಗಂಟೆಗೆ, ಬೋಳು ನಿಮಿಷಕ್ಕೆ.
ಎಡದ ಜೋಡಿ ಹಿಂದಕ್ಕೆ, ಬಲದ ಜೋಡಿ ಮುಂದಕ್ಕೆ,
ನಡುವೆ ಅಂಗೈ ಅಗಲ ಜಾಗ, ಪಂಪಣ್ಣನ ಸಲುವಾಗಿ.
ಕತ್ತಲಲ್ಲೂ ಹೆಬ್ಬೆರಳಿಗೆ ತಿಳಿಯುತ್ತದೆ.
ದಿನಾ ನೂರಾರು ಹಚ್ಚುವ ಬೆರಳಿಗೆ ಹೇಳಿಕೊಡುವುದೇನಿದೆ?

ಮೇಸ್ತ್ರಿ ಎರ್ರಿಸ್ವಾಮಿ ನೋಡಿದ. ಚಲೋ ಐತಿ ಅಂದ.
"ಗುಂಡಿ ಮಾತ್ರ ನನ್ನ ಕ್ಯಾಬಿನ್ನಿನಾಗ ಇರ್ಲಿ. ವೈರ್ ಎಳಿ.
ಎಲ್ಲಾರ ಕೈಗೆ ಯಾಕ ಬೇಕದು?"

ಆಗ ನೆನಪಾಯಿತು ಹಳೇ ಗಡಿಯಾರದ ಬೆನ್ನಿನ ತಿರುಗಣಿ.
ಬೆಳಿಗ್ಗೆ ಹತ್ತು ನಿಮಿಷ ಮುಂದೆ ಓಡುತ್ತಿತ್ತು,
ಸಂಜೆ ಹತ್ತು ನಿಮಿಷ ಹಿಂದೆ ಬೀಳುತ್ತಿತ್ತು.
ಧೂಳು ಅಂದುಕೊಂಡಿದ್ದೆ.
ಎರಡು ಸಲ ಬಿಚ್ಚಿ ಎಣ್ಣೆ ಬಿಟ್ಟಿದ್ದೆ, ದಡ್ಡ.
ದಾರ ಕತ್ತರಿಸುವ ಹುಡುಗಿಯರಿಗೆ ಗೊತ್ತಿತ್ತು. ಅವರದು ದಿನಗೂಲಿ.

ವೈರು ಎಳೆಯಲಿಲ್ಲ. ಸಾಲಲಿಲ್ಲ ಅಂದೆ.
ಬದಲಿಗೆ, ಕೆಟ್ಟ ಆಟೋ ಒಂದರ ರಿವರ್ಸ್ ಪೀಪಿ ತಂದು ಜೋಡಿಸಿದೆ.
ಯಾರು ಬೇಕಾದರೂ ಟೈಮು ತಿದ್ದಲಿ,
ತಿದ್ದುವಾಗ ಅದು ಕೂಗಲಿ,
ಹದಿನಾಲ್ಕು ಮಿಷನ್ನಿನ ಸದ್ದಿಗಿಂತ ಗಟ್ಟಿಯಾಗಿ.

ಶುಕ್ರವಾರ ಕರೆಂಟು ಹೋಗಿ ಬಂತು. ನಾಲ್ಕು ಸೊನ್ನೆ.
ಮೂಲೆಯಿಂದ ತಿಪ್ಪಮ್ಮ ಎದ್ದಳು, ನೀಲಿ ಬೆರಳು ಲಂಗಕ್ಕೆ ಒರೆಸಿ.
ಪೀಂ.
ತಲೆಗಳೆಲ್ಲ ಮೇಲೆದ್ದವು.
ಪೀಂ, ಪೀಂ.
ಚಾಚಿ ಫೋನು ನೋಡಿ "ಇನ್ನೊಂದು" ಅಂದಳು,
ಪಂಪಣ್ಣ "ಸಾಕು" ಅಂದ,
ಕ್ಯಾಬಿನ್ನಿನ ಗಾಜಿನಾಚೆ ಎರ್ರಿಸ್ವಾಮಿ
ತನ್ನ ಕೈಗಡಿಯಾರ ನೋಡಿಕೊಂಡ.

ಸಂಜೆ ನಾನು ನೋಡಿದೆ, ಎರಡು ನಿಮಿಷ ಮುಂದಿತ್ತು.
ಹಿಂದಕ್ಕೆ ತಳ್ಳುವ ಗುಂಡಿ ಎಡಗಡೆಯೇ ಇತ್ತು.
ಯಾರೂ ಎದ್ದಿರಲಿಲ್ಲ.
ನಾನೂ ಹೋಗಲಿಲ್ಲ.